ಫ್ಲೂ ಜ್ವರ ಬಂದ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಲು ಶಾಲೆಗಳು ಬಿಡುತ್ತಿವೆಯಾ?

ನಾಲ್ಕನೇ ತರಗತಿ ಟೀಚರ್

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಮನಸ್ಸು ಕೊರೆಯುತ್ತಿರುವ ಒಂದು ವಿಷಯ ಹೇಳಬೇಕು. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಆ ಸೋಮವಾರ ಎರಡನೇ ಬೆಂಚಿನ ಹುಡುಗಿ ಎಂದಿನಂತೆ ಬಂದಳು. ಹಾಜರಿ ಕೂಗಿದಾಗ ಜೋರಾಗಿಯೇ ಉತ್ತರ ಕೊಟ್ಟಳು. ಹನ್ನೊಂದು ಗಂಟೆ ಹೊತ್ತಿಗೆ ನೋಡಿದರೆ ಕಣ್ಣು ಕೆಂಪಾಗಿ ಹೊಳೆಯುತ್ತಿವೆ. ಪೆನ್ಸಿಲ್ ಹಿಡಿದ ಕೈ ಸಣ್ಣಗೆ ನಡುಗುತ್ತಿದೆ. ಹಣೆ ಮುಟ್ಟಿದೆ, ಕಾದ ಹೆಂಚಿನ ಹಾಗೆ ಸುಡುತ್ತಿತ್ತು. "ಬೆಳಿಗ್ಗೆಯೇ ಜ್ವರ ಇತ್ತೇನಮ್ಮಾ?" ಅಂತ ಕೇಳಿದೆ. ಮೊದಲು ಇಲ್ಲ ಅಂದಳು. ಆಮೇಲೆ ಮೆಲ್ಲಗೆ, "ಅಮ್ಮ ಸಿರಪ್ ಕೊಟ್ಟಿದ್ದಾರೆ ಟೀಚರ್. ಮನೆಗೆ ಕಳಿಸಬೇಡಿ, ನನ್ನ ನಕ್ಷತ್ರ ಹೋಗುತ್ತೆ" ಅಂದಳು.

ನಮ್ಮ ತರಗತಿಯ ಗೋಡೆಯಲ್ಲಿ ಹಾಜರಾತಿ ಪಟ್ಟಿ ಇದೆ. ತಿಂಗಳಿಡೀ ಒಂದು ದಿನವೂ ತಪ್ಪಿಸದೆ ಬಂದವರ ಹೆಸರಿನ ಮುಂದೆ ಬಂಗಾರದ ಬಣ್ಣದ ನಕ್ಷತ್ರ. ವರ್ಷ ಪೂರ್ತಿ ಬಂದವರಿಗೆ ಸರ್ಟಿಫಿಕೇಟ್. ಆ ಪಟ್ಟಿ ಬರೆದು ಅಂಟಿಸಿದವಳು ನಾನೇ.

ಬುಧವಾರ ಅವಳ ಬೆಂಚಿನ ಇನ್ನಿಬ್ಬರು ಬರಲಿಲ್ಲ. ಮುಂದಿನ ಸೋಮವಾರದ ಹೊತ್ತಿಗೆ 38 ಮಕ್ಕಳಲ್ಲಿ 14 ಜನ ಇರಲಿಲ್ಲ. ನಾನೂ ನಾಲ್ಕು ದಿನ ಹಾಸಿಗೆ ಹಿಡಿದೆ. ಪಕ್ಕದ ತರಗತಿಯ ಟೀಚರಿಗೂ ಬಂತು.

ಬರುವ ವಾರ ನಮ್ಮಲ್ಲಿ ಪೋಷಕರ ಸಭೆ ಇದೆ. ಗೇಟಿನಲ್ಲಿ ಸ್ಯಾನಿಟೈಸರ್ ಇಡುವುದು, ಬೆಂಚುಗಳಿಗೆ ಔಷಧಿ ಸಿಂಪಡಿಸುವುದು ಅಂತ ಆಗಲೇ ಮಾತಾಗಿದೆ. ಅವು ಬೇಡ ಅನ್ನುತ್ತಿಲ್ಲ. ಆದರೆ ಜ್ವರ ಬಂದ ಮಗು ಶಾಲೆಗೆ ಬಾರದೇ ಇರುವ ಹಾಗೆ ಮಾಡದಿದ್ದರೆ ಉಳಿದದ್ದೆಲ್ಲ ಸೋರುವ ಕೊಡಕ್ಕೆ ನೀರು ತುಂಬಿದ ಹಾಗೆ ಅಂತ ನನಗೆ ಅನ್ನಿಸುತ್ತಿದೆ. ನಿಮ್ಮ ನಿಮ್ಮ ಶಾಲೆಗಳಲ್ಲಿ ಏನು ಮಾಡುತ್ತೀರಿ? ಸಭೆಗೆ ಹೋಗುವ ಮೊದಲು ನಾನು ಸರಿಯಾಗಿ ತಿಳಿದುಕೊಳ್ಳಬೇಕು.

ಇಬ್ಬರು ಮಕ್ಕಳ ಅಮ್ಮ

ಟೀಚರ್, ನಿಮ್ಮ ಬರಹ ಓದಿ ಎದೆ ಧಸಕ್ ಅಂತು. ಸಿರಪ್ ಕೊಟ್ಟು ಕಳಿಸಿದ ಆ ಅಮ್ಮನ ಜಾಗದಲ್ಲಿ ನಾನೂ ನಿಂತಿದ್ದೇನೆ.

ಹೋದ ವರ್ಷ ಚಿಕ್ಕವನಿಗೆ ರಾತ್ರಿ ಮೈ ಬಿಸಿ ಇತ್ತು. ಬೆಳಿಗ್ಗೆ ಸಿರಪ್ ಕುಡಿಸಿದೆ, ಅರ್ಧ ಗಂಟೆಯಲ್ಲಿ ತಣ್ಣಗಾದ. ಆಟ ಆಡಲು ಶುರು ಮಾಡಿದ. ನನಗೆ ಅವತ್ತು ರಜೆ ಇರಲಿಲ್ಲ. ಆ ತಿಂಗಳು ಆಗಲೇ ಎರಡು ದಿನದ ಸಂಬಳ ಕಟ್ ಆಗಿತ್ತು. ಮನೆಯಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲ. ಕಳಿಸಿದೆ. ಮಧ್ಯಾಹ್ನ ಶಾಲೆಯಿಂದ ಫೋನ್ ಬಂತು. ಹೋಗಿ ನೋಡಿದರೆ ಆಫೀಸ್ ರೂಮಿನ ಬೆಂಚಿನ ಮೇಲೆ ಬ್ಯಾಗನ್ನೇ ತಲೆದಿಂಬು ಮಾಡಿಕೊಂಡು ಮಲಗಿದ್ದ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಸಂಕಟ ಆಗುತ್ತದೆ.

ದಯವಿಟ್ಟು ಸಭೆಯಲ್ಲಿ ಪೋಷಕರನ್ನು ಬೈಯಬೇಡಿ. ಬೈದರೆ ಜ್ವರ ಇತ್ತು ಅನ್ನುವುದನ್ನೇ ಮುಚ್ಚಿಡುತ್ತಾರೆ. ಮನೆಯಲ್ಲಿ ಇಟ್ಟುಕೊಳ್ಳಲು ದಾರಿ ಏನು ಅಂತ ಹೇಳಿ, ಖಂಡಿತ ಇಟ್ಟುಕೊಳ್ಳುತ್ತೇವೆ.

ಮಕ್ಕಳ ಡಾಕ್ಟರ್

ಇಬ್ಬರ ಮಾತೂ ನಿಜ. ನನಗೆ ಗೊತ್ತಿರುವುದನ್ನು ಬರೆಯುತ್ತೇನೆ, ಸಭೆಗೆ ಉಪಯೋಗ ಆಗಬಹುದು.

ಮೊದಲು ಸಿರಪ್ ವಿಷಯ. ಪ್ಯಾರಾಸಿಟಮಾಲ್ ಜ್ವರ ಇಳಿಸುತ್ತದೆ, ವೈರಸ್ಸನ್ನು ಏನೂ ಮಾಡುವುದಿಲ್ಲ. ನಾಲ್ಕರಿಂದ ಆರು ಗಂಟೆ ಅದರ ಕೆಲಸ. ಬೆಳಿಗ್ಗೆ ಏಳಕ್ಕೆ ಕೊಟ್ಟರೆ ಹನ್ನೊಂದರ ಹೊತ್ತಿಗೆ ಜ್ವರ ಮತ್ತೆ ಏರುತ್ತದೆ. ಟೀಚರ್ ನೋಡಿದ್ದು ಅದನ್ನೇ. ಆ ನಾಲ್ಕು ಗಂಟೆ ಮಗು ಚೆನ್ನಾಗಿದೆ ಅನ್ನಿಸಿದರೂ ಉಸಿರಿನಲ್ಲಿ, ಕೆಮ್ಮಿನಲ್ಲಿ ವೈರಸ್ ಹೊರಗೆ ಬರುತ್ತಲೇ ಇರುತ್ತದೆ. ಅದಕ್ಕೇ "ಔಷಧಿ ಇಲ್ಲದೆ 24 ಗಂಟೆ ಜ್ವರ ಬಾರದೇ ಇರಬೇಕು, ಆಮೇಲೆ ಶಾಲೆ" ಅನ್ನುವುದು. ಇದರಲ್ಲಿ "ಔಷಧಿ ಇಲ್ಲದೆ" ಅನ್ನುವ ಎರಡು ಪದವನ್ನೇ ಎಲ್ಲರೂ ಮರೆಯುತ್ತಾರೆ. ಜ್ವರ ಬಿಟ್ಟಿದ್ದರೂ ಮಗು ಎದ್ದು ಕೂರಲಾರದಷ್ಟು ಸುಸ್ತಾಗಿದ್ದರೆ ಇನ್ನೊಂದು ದಿನ ಮನೆಯಲ್ಲೇ ಇರಲಿ.

ಟೀಚರ್ ಬರೆದದ್ದು ನೋಡಿದರೆ ಇದು ಫ್ಲೂ, ಅಂದರೆ ಇನ್‌ಫ್ಲುಯೆಂಜಾ ವೈರಸ್ಸಿನ ಜ್ವರ ಅನ್ನಿಸುತ್ತದೆ. ಫ್ಲೂ ಅಂದರೆ ಬರೀ ನೆಗಡಿ ಅಲ್ಲ. ನೆಗಡಿ ಮೆಲ್ಲಗೆ ಶುರುವಾಗುತ್ತದೆ. ಮೂಗು ಸೋರುತ್ತದೆ, ಮಗು ಓಡಾಡಿಕೊಂಡೇ ಇರುತ್ತದೆ. ಫ್ಲೂ ಹಾಗಲ್ಲ, ಏಕಾಏಕಿ ಹಿಡಿಯುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಮಗು ಸಂಜೆಗೆ ಮಲಗಿಬಿಡುತ್ತದೆ. ಜೋರು ಜ್ವರ, ಮೈಕೈ ನೋವು, ತಲೆನೋವು, ಒಣಕೆಮ್ಮು, ಸುಸ್ತು. ಕೆಲವು ಮಕ್ಕಳಿಗೆ ವಾಂತಿ, ಭೇದಿಯೂ ಆಗುತ್ತದೆ.

ವೈರಸ್ ಒಳಗೆ ಸೇರಿದ ಮೇಲೆ ಲಕ್ಷಣ ಕಾಣಲು 1ರಿಂದ 4 ದಿನ ಬೇಕು, ಸಾಮಾನ್ಯವಾಗಿ 2 ದಿನ. ಸೋಮವಾರ ಆ ಹುಡುಗಿ, ಬುಧವಾರ ಅವಳ ಬೆಂಚಿನವರು. ಟೀಚರ್ ಬರೆದ ದಿನಗಳು ಪಕ್ಕಾ ಹೊಂದುತ್ತವೆ. ಕಷ್ಟ ಏನೆಂದರೆ, ಜ್ವರ ಕಾಣುವ ಒಂದು ದಿನ ಮೊದಲೇ ಮಗು ಇನ್ನೊಬ್ಬರಿಗೆ ಹರಡಬಹುದು. ಲಕ್ಷಣ ಶುರುವಾದ ಮೇಲೆ 5ರಿಂದ 7 ದಿನ ಹರಡುತ್ತದೆ, ಪುಟ್ಟ ಮಕ್ಕಳಲ್ಲಿ ಇನ್ನೂ ಜಾಸ್ತಿ ದಿನ ಇರಬಹುದು. ಆದರೆ ತುಂಬಾ ಹರಡುವುದು ಮೊದಲ ಮೂರು ನಾಲ್ಕು ದಿನ. ಅಂದರೆ ಎಷ್ಟೇ ಎಚ್ಚರ ಇದ್ದರೂ ಆ ಮೊದಲ ಒಂದು ದಿನ ನಮ್ಮ ಕೈ ಮೀರಿದ್ದು. ಉಳಿದ ದಿನಗಳು ನಮ್ಮ ಕೈಯಲ್ಲಿವೆ.

ಇನ್ನೊಂದು ಮಾತು. ಜ್ವರಕ್ಕೆ ಮಕ್ಕಳಿಗೆ ಆಸ್ಪಿರಿನ್ ಕೊಡಲೇಬೇಡಿ. ಫ್ಲೂ ಇರುವ ಮಗುವಿಗೆ ಕೊಟ್ಟರೆ ರೇ ಸಿಂಡ್ರೋಮ್ ಅಂತ ಮೆದುಳಿಗೂ ಲಿವರಿಗೂ ಪೆಟ್ಟು ಕೊಡುವ ಕಾಯಿಲೆ ಬರಬಹುದು. ಅಪರೂಪ, ಆದರೆ ಪ್ರಾಣಕ್ಕೇ ಅಪಾಯ.

ಶಾಲಾ ಸಮಿತಿಯಲ್ಲಿರುವ ಅಪ್ಪ

ಡಾಕ್ಟ್ರೇ, ಒಂದು ಪ್ರಶ್ನೆ. ನಮ್ಮ ಸಮಿತಿಯವರು ಪ್ರತಿ ಶನಿವಾರ ತರಗತಿಗಳಿಗೆ ಔಷಧಿ ಸಿಂಪಡಿಸಲು ಹಣ ತೆಗೆದಿಟ್ಟಿದ್ದೇವೆ. ಅದು ದಂಡವಾ? ಪೋಷಕರಿಗೆ ಅದನ್ನು ನೋಡಿದರೆ ಧೈರ್ಯ ಬರುತ್ತದೆ ಅನ್ನುವುದೂ ನಿಜ.

ಮಕ್ಕಳ ಡಾಕ್ಟರ್

ಶನಿವಾರ ಸಿಂಪಡಿಸಿದರೆ ಸೋಮವಾರ ಬೆಳಿಗ್ಗೆ ಮೊದಲ ಮಗು ಸೀನುವವರೆಗೆ ಅದರ ಫಲ. ಸ್ಟೀಲ್, ಪ್ಲಾಸ್ಟಿಕ್ ಥರದ ಗಟ್ಟಿ ವಸ್ತುಗಳ ಮೇಲೆ ಫ್ಲೂ ವೈರಸ್ 24ರಿಂದ 48 ಗಂಟೆ ಉಳಿಯಬಲ್ಲದು. ಬಟ್ಟೆ, ಕಾಗದದ ಮೇಲೆ ಅದಕ್ಕಿಂತ ಬೇಗ ಸಾಯುತ್ತದೆ. ಭಾನುವಾರ ರಜೆ ಇದ್ದರೆ ಖಾಲಿ ತರಗತಿಯಲ್ಲಿ ಬಹುಪಾಲು ತಾನಾಗಿಯೇ ಸತ್ತಿರುತ್ತದೆ.

ಫ್ಲೂ ವೈರಸ್ಸಿನ ಹೊರಗೆ ಕೊಬ್ಬಿನ ಒಂದು ತೆಳು ಪೊರೆ ಇದೆ. ಸೋಪು ಅದನ್ನು ಕರಗಿಸಿಬಿಡುತ್ತದೆ. ಹಾಗಾಗಿ ದುಬಾರಿ ಔಷಧಿ ಬೇಕಿಲ್ಲ. ಎಲ್ಲರ ಕೈ ತಾಗುವ ಬಾಗಿಲ ಹಿಡಿ, ನಲ್ಲಿ, ಸ್ವಿಚ್ಚು, ಕಂಪ್ಯೂಟರ್ ಕೀಲಿಮಣೆ, ಹಂಚಿಕೊಳ್ಳುವ ಪೆನ್ಸಿಲ್ ಡಬ್ಬಿ ಇವನ್ನು ದಿನಕ್ಕೊಂದು ಸಲ ಮಾಮೂಲಿ ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಸಾಕು. ಕೀಲಿಮಣೆಗೆ ಬಟ್ಟೆ ಚೆನ್ನಾಗಿ ಹಿಂಡಿಕೊಳ್ಳಿ. ಗೋಡೆ, ನೆಲಕ್ಕೆ ಸಿಂಪಡಿಸುವ ಹಣವನ್ನು ಬೇರೆ ಕಡೆ ಹಾಕಿ. ಫ್ಲೂ ಮುಖ್ಯವಾಗಿ ಹರಡುವುದು ಪಕ್ಕದಲ್ಲಿ ಕೂತವರ ಕೆಮ್ಮು, ಸೀನು, ಮಾತು, ಉಸಿರಿನಿಂದ.

ವಿಜ್ಞಾನದ ಮೇಷ್ಟ್ರು

ಆ ಬೇರೆ ಕಡೆ ಅಂದರೆ ಕಿಟಕಿ! ಅದರ ಬಗ್ಗೆ ನಾನು ಹೇಳುತ್ತೇನೆ, ಯಾಕೆಂದರೆ ನಾನೇ ಅಳೆದು ನೋಡಿದ್ದೇನೆ.

ಗೆಳೆಯರೊಬ್ಬರ ಹತ್ತಿರ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಅಂತ ತೋರಿಸುವ ಪುಟ್ಟ ಮೀಟರ್ ಇತ್ತು. ಅಂಗೈ ಅಗಲದ್ದು. ಎರಡು ದಿನಕ್ಕೆ ಇಸಕೊಂಡು ಬಂದೆ. ಹೊರಗಿನ ಗಾಳಿಯಲ್ಲಿ ಅದು ಸುಮಾರು 420 ಪಿಪಿಎಂ ತೋರಿಸುತ್ತದೆ, ಅಂದರೆ ಹತ್ತು ಲಕ್ಷ ಭಾಗದಲ್ಲಿ 420. ನಾವು ಹೊರಗೆ ಬಿಡುವ ಉಸಿರಿನಲ್ಲಿ ಅದು ಸುಮಾರು 4% ಇರುತ್ತದೆ, ನೂರು ಪಟ್ಟು ಹತ್ತಿರ. ಹಾಗಾಗಿ ತರಗತಿಯಲ್ಲಿ ಈ ಅಂಕಿ ಏರಿದರೆ ಮಕ್ಕಳು ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆ ಅಂತಲೇ ಅರ್ಥ. ಮೀಟರ್ ವೈರಸ್ಸನ್ನು ತೋರಿಸುವುದಿಲ್ಲ. ಗಾಳಿ ಎಷ್ಟು ಹಳಸಿದೆ ಅಂತ ತೋರಿಸುತ್ತದೆ.

ಏಳನೇ ತರಗತಿಯಲ್ಲಿ, 35 ಮಕ್ಕಳು, ಚಳಿ ಅಂತ ಕಿಟಕಿ ಬಾಗಿಲು ಮುಚ್ಚಿದ್ದೆವು. ಪಾಠ ಶುರುವಾದಾಗ 700 ಇತ್ತು. ಮಕ್ಕಳೇ ಐದು ನಿಮಿಷಕ್ಕೊಮ್ಮೆ ಓದಿ ಬೋರ್ಡಿನ ಮೇಲೆ ಬರೆದರು. 980, 1300, 1620... ನಲವತ್ತನೇ ನಿಮಿಷಕ್ಕೆ 2100 ದಾಟಿತು. ಹಿಂದಿನ ಬೆಂಚಿನ ಇಬ್ಬರು ಆಕಳಿಸುತ್ತಿದ್ದರು. ಆಗ ಎದುರು ಬದುರಿನ ಒಂದೊಂದು ಕಿಟಕಿ ಪೂರ್ತಿ ತೆಗೆದು, ಬಾಗಿಲನ್ನೂ ತೆಗೆದೆವು. ಹತ್ತೇ ನಿಮಿಷದಲ್ಲಿ 900ಕ್ಕೆ ಇಳಿಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಆವತ್ತಿನಿಂದ ಅವರೇ ಕಿಟಕಿ ತೆಗೆಯುತ್ತಾರೆ, ನಾನು ಹೇಳಬೇಕಾಗಿಲ್ಲ.

800ರ ಒಳಗೆ ಇಟ್ಟುಕೊಂಡರೆ ಒಳ್ಳೆಯದು ಅನ್ನುತ್ತಾರೆ. ಒಂದೇ ಕಡೆ ಕಿಟಕಿ ತೆಗೆದರೆ ಗಾಳಿ ಅಷ್ಟಾಗಿ ಓಡಾಡುವುದಿಲ್ಲ. ಎದುರು ಬದುರು ತೆಗೆಯಬೇಕು. ತುಂಬಾ ಚಳಿ ಇದ್ದರೆ ಎರಡೂ ಕಡೆ ನಾಲ್ಕು ಬೆರಳಷ್ಟು ತೆಗೆದಿಡಿ, ಪಾಠ ಮುಗಿದು ಮಕ್ಕಳು ಹೊರಗೆ ಹೋದಾಗ ಪೂರ್ತಿ ತೆಗೆಯಿರಿ. ಸೀಲಿಂಗ್ ಫ್ಯಾನ್ ಒಂದೇ ಇದ್ದರೆ ಪ್ರಯೋಜನ ಕಡಿಮೆ, ಅದು ಇದ್ದ ಗಾಳಿಯನ್ನೇ ತಿರುವಿ ಹಾಕುತ್ತದೆ. ಕಿಟಕಿಯೇ ಇಲ್ಲದ ಕೋಣೆ ಇದ್ದರೆ ಹೆಪಾ ಫಿಲ್ಟರ್ (ಗಾಳಿಯ ಬಹಳ ಸಣ್ಣ ಕಣಗಳನ್ನೂ ಹಿಡಿಯುವ ಜಾಲರಿ) ಇರುವ ಗಾಳಿ ಶುದ್ಧೀಕರಣ ಯಂತ್ರ ಇಡಬಹುದು. ಸಿಂಪಡಿಸುವ ಹಣ ಅದಕ್ಕೆ ಹೋಗಲಿ.

ಸ್ಕೂಲ್ ವ್ಯಾನ್ ಓಡಿಸುವವನು

ಮೇಷ್ಟ್ರೇ, ನಾನು ಜಾಸ್ತಿ ಓದಿದವನಲ್ಲ, ಆದರೆ ಇದು ನನಗೆ ಅರ್ಥ ಆಯಿತು. ನನ್ನ ವ್ಯಾನಿನಲ್ಲಿ 12 ಮಕ್ಕಳು ಮುಕ್ಕಾಲು ಗಂಟೆ ಕೂರುತ್ತಾರೆ. ಬೆಳಿಗ್ಗೆ ಚಳಿ ಅಂತ ಗಾಜು ಏರಿಸಿಬಿಡುತ್ತಿದ್ದೆ. ಒಳಗೆ ಗಾಜಿನ ಮೇಲೆ ಮಂಜು ಕಟ್ಟಿ ಮಕ್ಕಳು ಅದರ ಮೇಲೆ ಬೆರಳಲ್ಲಿ ಚಿತ್ರ ಬರೆಯುತ್ತಿದ್ದರು. ಆ ಮಂಜು ಅಷ್ಟೂ ಬಹುಪಾಲು ಮಕ್ಕಳ ಉಸಿರೇ ಅಂತ ಈಗ ಹೊಳೆಯಿತು. ನಾಳೆಯಿಂದ ಮುಂದಿನದೊಂದು, ಹಿಂದಿನದೊಂದು ಗಾಜು ಇಳಿಸಿಯೇ ಓಡಿಸುತ್ತೇನೆ. ಸ್ವೆಟರ್ ಹಾಕಿ ಕಳಿಸಿ ಅಂತ ಮನೆಯವರಿಗೆ ಹೇಳುತ್ತೇನೆ.

ಇನ್ನೊಂದು. ಮಗು ಮೈ ಸುಡುತ್ತಾ ವ್ಯಾನ್ ಹತ್ತಿದರೆ ನಾನು ಏನು ಮಾಡಬೇಕು? ಬೇಡ ಅಂದರೆ ಮನೆಯವರು ಜಗಳಕ್ಕೆ ಬರುತ್ತಾರೆ.

ನಾಲ್ಕನೇ ತರಗತಿ ಟೀಚರ್

ಅಣ್ಣಾ, ನಿಮ್ಮ ಪ್ರಶ್ನೆ ಬಹಳ ಮುಖ್ಯ. ಅದು ನಿಮ್ಮೊಬ್ಬರ ತಲೆ ಮೇಲೆ ಬೀಳಬಾರದು. ಶಾಲೆಯಿಂದಲೇ ಒಂದು ಪತ್ರ ಹೋದರೆ ನೀವು ಅದನ್ನು ತೋರಿಸಬಹುದು. ಸಭೆಯಲ್ಲಿ ಇದನ್ನೂ ಎತ್ತುತ್ತೇನೆ.

ಉಬ್ಬಸದ ಮಗುವಿನ ಅಮ್ಮ

ನನ್ನ ಮಗಳಿಗೆ ಆರು ವರ್ಷ, ಆಸ್ತಮಾ ಇದೆ. ಉಳಿದ ಮಕ್ಕಳಿಗೆ ನಾಲ್ಕು ದಿನದ ಜ್ವರ. ಅವಳಿಗೆ ಎರಡು ವರ್ಷದ ಹಿಂದೆ ಅದು ಐದು ದಿನ ಆಸ್ಪತ್ರೆ, ಮೂಗಿಗೆ ಆಕ್ಸಿಜನ್ ಕೊಳವೆ. ರಾತ್ರಿಯಿಡೀ ಅವಳ ಪಕ್ಕೆಲುಬುಗಳು ಒಳಗೆ ಎಳೆದುಕೊಳ್ಳುವುದನ್ನು ನೋಡುತ್ತಾ ಕೂತಿದ್ದೆ. ಒಂದು, ಎರಡು, ಮೂರು ಅಂತ ಉಸಿರು ಎಣಿಸುತ್ತಿದ್ದೆ.

ಸಿರಪ್ ಕೊಟ್ಟು ಕಳಿಸಿದ ಅಮ್ಮಂದಿರ ಮೇಲೆ ನನಗೆ ಕೋಪ ಇಲ್ಲ ಅಂದರೆ ಸುಳ್ಳಾಗುತ್ತದೆ. ಆಗ ತುಂಬಾ ಇತ್ತು. ಮೇಲೆ ಬರೆದ ಅಕ್ಕನ ಮಾತು ಓದಿದ ಮೇಲೆ ಸ್ವಲ್ಪ ಇಳಿಯಿತು. ಆದರೆ ಒಂದು ವಿಷಯ ಎಲ್ಲರಿಗೂ ತಿಳಿಯಲಿ. ಪಕ್ಕದಲ್ಲಿ ಕೂತ ಮಗುವಿಗೆ ಏನು ಕಾಯಿಲೆ ಇದೆ ಅಂತ ನಮಗೆ ಯಾರಿಗೂ ಗೊತ್ತಿರುವುದಿಲ್ಲ. ಆ ಮಗುವಿನ ಮನೆಯಲ್ಲಿ ವಯಸ್ಸಾದ ಅಜ್ಜಿ ಇರಬಹುದು, ಬಸುರಿ ಅಮ್ಮ ಇರಬಹುದು, ಹಸುಗೂಸು ಇರಬಹುದು.

ನಾವು ಪ್ರತಿ ವರ್ಷ ಮನೆಯವರೆಲ್ಲ ಫ್ಲೂ ಲಸಿಕೆ ಹಾಕಿಸಿಕೊಳ್ಳುತ್ತೇವೆ. ಶಾಲೆಯಲ್ಲಿ ಇದರ ಮಾತೇ ಯಾರೂ ಯಾಕೆ ಎತ್ತುವುದಿಲ್ಲ?

ಶಾಲಾ ಸಮಿತಿಯಲ್ಲಿರುವ ಅಪ್ಪ

ನಾನು ಎತ್ತದೇ ಇರಲು ಕಾರಣ ಇದೆ ಅಮ್ಮಾ. ನನ್ನ ಮಗನಿಗೆ ಲಸಿಕೆ ಹಾಕಿಸಿದ್ದೆ. ಆ ವಾರವೇ ಜ್ವರ ಬಂತು. ಎರಡು ತಿಂಗಳು ಬಿಟ್ಟು ಫ್ಲೂ ಕೂಡ ಬಂತು. ಹಾಗಾದ ಮೇಲೆ ಬೇರೆಯವರಿಗೆ ಯಾವ ಬಾಯಲ್ಲಿ ಹೇಳಲಿ?

ಮಕ್ಕಳ ಡಾಕ್ಟರ್

ನಿಮ್ಮ ಅನುಮಾನ ಸಹಜ. ನೇರವಾಗಿಯೇ ಹೇಳುತ್ತೇನೆ.

ಚುಚ್ಚುಮದ್ದಿನ ಫ್ಲೂ ಲಸಿಕೆಯಲ್ಲಿ ಇರುವುದು ಸತ್ತ ವೈರಸ್ ಅಥವಾ ಅದರ ಚೂರು. ಅದರಿಂದ ಫ್ಲೂ ಬರಲು ಸಾಧ್ಯ ಇಲ್ಲ. ಒಂದೆರಡು ದಿನ ಸಣ್ಣ ಜ್ವರ, ತೋಳು ನೋವು ಬರಬಹುದು. ಲಸಿಕೆ ಹಾಕಿಸಿದ ಮೇಲೆ ಮೈ ತಯಾರಾಗಲು ಸುಮಾರು ಎರಡು ವಾರ ಬೇಕು. ಆ ನಡುವೆ ಬೇರೆ ಯಾವುದೋ ವೈರಸ್ ಹಿಡಿದಿದ್ದರೂ ಹಿಡಿದಿರಬಹುದು. 6 ತಿಂಗಳಿಂದ 9 ವರ್ಷದ ಒಳಗಿನ ಮಕ್ಕಳಿಗೆ ಮೊದಲ ಸಲ ಹಾಕಿಸುವಾಗ ನಾಲ್ಕು ವಾರ ಬಿಟ್ಟು ಎರಡು ಡೋಸ್ ಬೇಕು. ಬಹಳ ಜನ ಎರಡನೆಯದನ್ನು ಮರೆಯುತ್ತಾರೆ. ನಿಮ್ಮ ಮಗನಿಗೂ ಹಾಗೆ ಆಗಿತ್ತಾ, ನೋಡಿ.

ಇನ್ನು ಹಾಕಿಸಿದ ಮೇಲೂ ಬರುತ್ತದಾ? ಬರುತ್ತದೆ. ಲಸಿಕೆ ಆ ವರ್ಷದ ವೈರಸ್ಸಿಗೆ ಚೆನ್ನಾಗಿ ಹೊಂದಿದಾಗ ಡಾಕ್ಟರ ಹತ್ತಿರ ಹೋಗುವ ಮಟ್ಟದ ಫ್ಲೂ 40ರಿಂದ 60% ಕಡಿಮೆ ಆಗುತ್ತದೆ. ಪೂರ್ತಿ ತಡೆಯುವುದಿಲ್ಲ. ಆದರೆ ಬಂದರೂ ಆಸ್ಪತ್ರೆ ಸೇರುವಷ್ಟು ಜೋರಾಗುವುದು ಕಡಿಮೆ. ವೈರಸ್ ವೇಷ ಬದಲಿಸುತ್ತಾ ಹೋಗುತ್ತದೆ, ಅದಕ್ಕೇ ವರ್ಷ ವರ್ಷ ಹೊಸ ಲಸಿಕೆ. ಅದರಲ್ಲಿ ಏನಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ಸಲಹೆ ಕೊಡುತ್ತದೆ. ಭೂಮಿಯ ಉತ್ತರ ಭಾಗಕ್ಕೆ ಫೆಬ್ರವರಿ ಸುಮಾರಿಗೆ, ದಕ್ಷಿಣ ಭಾಗಕ್ಕೆ ಸೆಪ್ಟೆಂಬರ್ ಸುಮಾರಿಗೆ.

ಶಾಲೆಗೆ ಯಾಕೆ ಮುಖ್ಯ ಅನ್ನುವುದಕ್ಕೆ ಒಂದು ಅಧ್ಯಯನ ಹೇಳುತ್ತೇನೆ, ನನಗೆ ಬಹಳ ಇಷ್ಟವಾದದ್ದು. ಕೆನಡಾದಲ್ಲಿ ಹಟರೈಟ್ ಅಂತ ಒಂದು ಜನ ಇದ್ದಾರೆ. ಪುಟ್ಟ ಪುಟ್ಟ ಊರು ಕಟ್ಟಿಕೊಂಡು ಎಲ್ಲರೂ ಒಟ್ಟಿಗೆ ಬದುಕುತ್ತಾರೆ. ಕೆಲವು ಊರುಗಳ ಮಕ್ಕಳಿಗೆ ಫ್ಲೂ ಲಸಿಕೆ ಕೊಟ್ಟರು. ಹೋಲಿಸಿ ನೋಡಲು ಉಳಿದ ಊರುಗಳ ಮಕ್ಕಳಿಗೆ ಫ್ಲೂಗೆ ಸಂಬಂಧ ಇಲ್ಲದ ಹೆಪಟೈಟಿಸ್ ಎ ಲಸಿಕೆ ಕೊಟ್ಟರು. ಆಮೇಲೆ ನೋಡಿದ್ದು ಆ ಲಸಿಕೆ ಹಾಕಿಸಿಕೊಳ್ಳದ ಉಳಿದ ಎಲ್ಲ ವಯಸ್ಸಿನವರನ್ನು. ಮಕ್ಕಳಿಗೆ ಫ್ಲೂ ಲಸಿಕೆ ಕೊಟ್ಟ ಊರುಗಳಲ್ಲಿ ಅವರಿಗೂ ಫ್ಲೂ ಸುಮಾರು 60% ಕಡಿಮೆ ಬಂದಿತ್ತು. 2010ರಲ್ಲಿ ಪ್ರಕಟವಾಯಿತು. ಮಕ್ಕಳಿಂದಲೇ ಫ್ಲೂ ಮನೆ ಮನೆಗೆ ಹೋಗುತ್ತದೆ. ಮಕ್ಕಳಲ್ಲಿ ತಡೆದರೆ ಊರಿನಲ್ಲೇ ಕಡಿಮೆ ಆಗುತ್ತದೆ. ಇಂಗ್ಲೆಂಡಿನಲ್ಲಿ 2013ರಿಂದ ಹಂತ ಹಂತವಾಗಿ ಮಕ್ಕಳಿಗೆ ಮೂಗಿಗೆ ಸಿಂಪಡಿಸುವ ಲಸಿಕೆ ಕೊಡಲು ಶುರು ಮಾಡಿದರು, ಈಗ ಶಾಲೆಯಲ್ಲೇ ಕೊಡುತ್ತಾರೆ. ಸೂಜಿ ಇಲ್ಲ, ಅಳು ಇಲ್ಲ. ಅದರಲ್ಲಿ ಇರುವುದು ಬಲ ಕುಂದಿಸಿದ ಜೀವಂತ ವೈರಸ್. ಹಾಗಾಗಿ ಎಲ್ಲ ಮಕ್ಕಳಿಗೂ ಆಗುವುದಿಲ್ಲ. ಆಸ್ತಮಾ ಇರುವ ಮಕ್ಕಳ ಅಮ್ಮಂದಿರು ಡಾಕ್ಟರನ್ನು ಕೇಳಿಯೇ ಯಾವುದು ಅಂತ ನಿರ್ಧರಿಸಬೇಕು.

ಶಾಲಾ ಸಮಿತಿಯಲ್ಲಿರುವ ಅಪ್ಪ

ಎರಡನೇ ಡೋಸ್ ಹಾಕಿಸಿರಲಿಲ್ಲ ಡಾಕ್ಟ್ರೇ. ಈಗ ಕಾರ್ಡ್ ತೆಗೆದು ನೋಡಿದೆ. ದಿನಾಂಕ ಬರೆದುಕೊಟ್ಟಿದ್ದಾರೆ, ನಾನೇ ಮರೆತೆ. ಸಭೆಯಲ್ಲಿ ಲಸಿಕೆ ಮಾತು ನಾನೇ ಎತ್ತುತ್ತೇನೆ.

ನಿವೃತ್ತ ಹೆಡ್ ಮೇಷ್ಟ್ರು

ಮೂವತ್ತು ವರ್ಷ ಶಾಲೆ ನಡೆಸಿದವನು ನಾನು. ಟೀಚರ್ ಎತ್ತಿದ ನಕ್ಷತ್ರದ ಮಾತಿಗೆ ವಾಪಸ್ ಬರುತ್ತೇನೆ, ಯಾಕೆಂದರೆ ಬೇರು ಅಲ್ಲೇ ಇದೆ.

ನಾನೂ ಪ್ರತಿ ವರ್ಷ ವೇದಿಕೆ ಮೇಲೆ ನೂರಕ್ಕೆ ನೂರು ಹಾಜರಾತಿಗೆ ಬಹುಮಾನ ಕೊಟ್ಟವನು. ಮಕ್ಕಳು ಸುಮ್ಮಸುಮ್ಮನೆ ಶಾಲೆ ತಪ್ಪಿಸಬಾರದು ಅನ್ನುವುದು ಉದ್ದೇಶ. ಅದು ಒಳ್ಳೆಯದೇ. ಆದರೆ ಕಾಯಿಲೆ ಬಿದ್ದು ಮನೆಯಲ್ಲಿದ್ದ ಮಗುವನ್ನೂ, ಸೋಮಾರಿತನದಿಂದ ಬಾರದ ಮಗುವನ್ನೂ ಒಂದೇ ಕೆಂಪು ಗುರುತಿನಲ್ಲಿ ಬರೆದೆವು. ಅಲ್ಲಿ ತಪ್ಪಿದೆವು.

ಜಪಾನಿನಲ್ಲಿ ಇದಕ್ಕೆ ಕಾನೂನೇ ಇದೆ. ಫ್ಲೂ ಬಂದ ಮಗು, ಲಕ್ಷಣ ಶುರುವಾದ ಮೇಲೆ 5 ದಿನ ಮುಗಿಯಬೇಕು, ಜ್ವರ ಇಳಿದ ಮೇಲೆ 2 ದಿನ ಆಗಬೇಕು. ಎರಡೂ ಆಗುವವರೆಗೆ ಶಾಲೆಗೆ ಬರುವಂತಿಲ್ಲ. ಶಿಶುವಿಹಾರದ ಮಕ್ಕಳಿಗೆ ಜ್ವರ ಇಳಿದ ಮೇಲೆ 3 ದಿನ. ಮುಖ್ಯವಾದದ್ದು ಇದು: ಆ ದಿನಗಳನ್ನು ಗೈರು ಅಂತ ಲೆಕ್ಕ ಹಾಕುವುದೇ ಇಲ್ಲ. ಹಾಜರಿ ಪುಸ್ತಕದಲ್ಲಿ ಅದಕ್ಕೆ ಬೇರೆ ಗುರುತು. ಮಗು ಏನನ್ನೂ ಕಳೆದುಕೊಳ್ಳುವುದಿಲ್ಲ.

ಕಾನೂನು ಬರುವವರೆಗೆ ನಾವು ಕಾಯಬೇಕಿಲ್ಲ. ತರಗತಿಯ ಪಟ್ಟಿ ಬದಲಿಸಲು ಯಾರ ಅಪ್ಪಣೆಯೂ ಬೇಡ.

ಇನ್ನು ಶಾಲೆ ಮುಚ್ಚಿಬಿಡೋಣ ಅನ್ನುವವರೂ ಸಭೆಯಲ್ಲಿ ಇರುತ್ತಾರೆ. 1918ರ ದೊಡ್ಡ ಫ್ಲೂ ಬಂದಾಗ ಅಮೆರಿಕದ ಬಹುಪಾಲು ನಗರಗಳು ಶಾಲೆ ಮುಚ್ಚಿದವು. ನ್ಯೂಯಾರ್ಕ್, ಶಿಕಾಗೋ ಮುಚ್ಚಲಿಲ್ಲ. ಅಲ್ಲಿ ಶಾಲೆಗೆ ಬಂದ ಮಕ್ಕಳನ್ನು ಡಾಕ್ಟರು, ನರ್ಸುಗಳು ದಿನವೂ ನೋಡಿ, ಕಾಯಿಲೆಯ ಮಕ್ಕಳನ್ನು ಬೇರೆ ಮಾಡುತ್ತಿದ್ದರು. 2009ರಲ್ಲಿ ಎಚ್1ಎನ್1 ಬಂದಾಗ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಮೊದಲು ಶಾಲೆ ಮುಚ್ಚಿ ಅಂದಿತು. ಮೇ 5ರಂದು ಆ ಸಲಹೆ ಬದಲಿಸಿ, ಮುಚ್ಚಬೇಡಿ, ಜ್ವರದ ಮಕ್ಕಳನ್ನು ಮನೆಯಲ್ಲಿ ಉಳಿಸಿ ಅಂದಿತು. ಭಯಂಕರ ಫ್ಲೂ ಬಂದರೆ ಮುಚ್ಚುವುದು ಬೇರೆ ಮಾತು. ವರ್ಷ ವರ್ಷ ಬರುವ ಫ್ಲೂಗೆ ಅಲ್ಲ.

ಇಬ್ಬರು ಮಕ್ಕಳ ಅಮ್ಮ

ಹಿರಿಯರೇ, ನೀವು ಹೇಳಿದ್ದು ಮನಸ್ಸಿಗೆ ನಾಟಿತು. ಆದರೆ ಐದು ದಿನ! ನನಗೆ ಒಂದು ದಿನದ ರಜೆಯೇ ಕಷ್ಟ. ನಕ್ಷತ್ರ ತೆಗೆದರೆ ಮಗುವಿನ ಚಿಂತೆ ಹೋಗುತ್ತದೆ. ನನ್ನ ಚಿಂತೆ ಹಾಗೇ ಇರುತ್ತದೆ.

ಮೂರು ಮನೆಗಳ ಕಡೆಯಿಂದ

ಅಕ್ಕಾ, ನಾವು ಮಾಡಿಕೊಂಡ ವ್ಯವಸ್ಥೆ ಹೇಳುತ್ತೇನೆ. ಇದು ಎಲ್ಲರಿಗೂ ಆಗಲಿಕ್ಕಿಲ್ಲ.

ನಮ್ಮ ಮೂರು ಮನೆಯ ಮಕ್ಕಳು ಒಂದೇ ತರಗತಿ. ಮೂರೂ ಮನೆಯಲ್ಲಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಫ್ಲೂ ದಿನಗಳು ಬರುವ ಮೊದಲೇ ಕೂತು ಮಾತಾಡಿಕೊಂಡೆವು. ಮೊದಲ ದಿನ ಮಗುವಿನ ಅಪ್ಪ ಅಥವಾ ಅಮ್ಮ ಮನೆಯಲ್ಲಿ. ಎರಡನೇ ದಿನ ಇನ್ನೊಬ್ಬರು, ಅರ್ಧ ಅರ್ಧ ದಿನ. ಮೂರನೇ ದಿನ ಬೇಕಾದರೆ ಉಳಿದ ಎರಡು ಮನೆಯವರಲ್ಲಿ ಬಿಡುವಿರುವವರು ಕಾಯಿಲೆಯ ಮಗುವಿನ ಮನೆಗೇ ಹೋಗಿ ಕೂರುತ್ತಾರೆ. ಮಗುವನ್ನು ಇನ್ನೊಂದು ಮನೆಗೆ ಕರೆದೊಯ್ಯುವುದಿಲ್ಲ, ಅಲ್ಲಿನ ಮಕ್ಕಳಿಗೆ ಹರಡುತ್ತದೆ. ಹೋಗುವವರು ಲಸಿಕೆ ಹಾಕಿಸಿಕೊಂಡಿರಬೇಕು, ಮಾಸ್ಕ್ ಹಾಕಿಕೊಳ್ಳಬೇಕು, ಕಿಟಕಿ ತೆಗೆದಿರಬೇಕು. ಅಜ್ಜಿ ತಾತಂದಿರ ಮೇಲೆ ಹಾಕುವುದಿಲ್ಲ ಅಂತ ಮೊದಲೇ ಗಟ್ಟಿ ಮಾಡಿಕೊಂಡಿದ್ದೇವೆ. ಅವರಿಗೇ ಫ್ಲೂ ಹೆಚ್ಚು ಅಪಾಯ.

ಹೋದ ಸಲ ನಾನು ಪಕ್ಕದ ಮನೆಯ ಹುಡುಗನ ಜೊತೆ ಒಂದು ಮಧ್ಯಾಹ್ನ ಕೂತಿದ್ದೆ. ಗಂಟೆಗೊಮ್ಮೆ ಥರ್ಮಾಮೀಟರ್ ನೋಡಿ ಚೀಟಿಯಲ್ಲಿ ಬರೆದಿಟ್ಟೆ. ಅವನ ಅಮ್ಮ ಸಂಜೆ ಬಂದು ಆ ಚೀಟಿ ನೋಡಿ ಕಣ್ಣೀರು ಹಾಕಿಕೊಂಡರು.

ನಾಲ್ಕನೇ ತರಗತಿ ಟೀಚರ್

ಇದನ್ನು ಸಭೆಯಲ್ಲಿ ಹೇಳಲು ನಿಮ್ಮ ಒಪ್ಪಿಗೆ ಇದೆಯಾ? ಹೆಸರು ಹೇಳುವುದಿಲ್ಲ.

ಕೈ ತೊಳೆಯುವುದರ ಬಗ್ಗೆಯೂ ಒಂದು ಲೆಕ್ಕ ಮಾಡಿದೆ. ಸೋಪು ಹಾಕಿ 20 ಸೆಕೆಂಡ್ ಉಜ್ಜಬೇಕು ಅಂತ ಮಕ್ಕಳಿಗೆ ಕಲಿಸುತ್ತೇವೆ. ನಮ್ಮಲ್ಲಿ 38 ಮಕ್ಕಳು, ಮೂರು ನಲ್ಲಿ. ಒಂದು ನಲ್ಲಿಗೆ 13 ಮಕ್ಕಳು. ಒದ್ದೆ ಮಾಡಿ, ಸೋಪು ಹಾಕಿ, ಉಜ್ಜಿ, ತೊಳೆದು ಸರಿಯುವುದಕ್ಕೆ ಒಬ್ಬರಿಗೆ 40 ಸೆಕೆಂಡ್ ಅಂದರೂ ಒಂಬತ್ತು ನಿಮಿಷ ಬೇಕು. ಊಟಕ್ಕೆ ಮೊದಲು ನಾವು ಕೊಡುತ್ತಿದ್ದದ್ದು ಮೂರು ನಿಮಿಷ! ಮಕ್ಕಳು ಬೆರಳ ತುದಿ ನೆನೆಸಿ ಓಡುತ್ತಿದ್ದರು ಅಂತ ಬೈಯುತ್ತಿದ್ದೆ. ಪಾಪ, ಅವರ ತಪ್ಪೇನಿದೆ?

ಮಕ್ಕಳ ಡಾಕ್ಟರ್

ಒಳ್ಳೆಯ ಲೆಕ್ಕ. ನಲ್ಲಿ ಸಾಲದಿದ್ದರೆ ಅರ್ಧ ಮಕ್ಕಳಿಗೆ ಸ್ಯಾನಿಟೈಸರ್ ಕೊಡಿ. ಅದರಲ್ಲಿ ಆಲ್ಕೋಹಾಲ್ 60% ಆದರೂ ಇರಬೇಕು. ಕೈ ಕೊಳೆಯಾಗಿದ್ದರೆ ಮಾತ್ರ ಸೋಪೇ ಬೇಕು. ಸಣ್ಣ ಮಕ್ಕಳ ಕೈಗೆ ಸ್ಯಾನಿಟೈಸರ್ ಬಾಟಲಿ ಕೊಡಬೇಡಿ, ದೊಡ್ಡವರೇ ಹಾಕಿ. ಕೆಮ್ಮು ಬಂದರೆ ಅಂಗೈ ಅಡ್ಡ ಹಿಡಿಯದೆ ಮೊಣಕೈ ಮಡಚಿ ಅದರೊಳಗೆ ಕೆಮ್ಮುವುದನ್ನು ಕಲಿಸಿ.

ಶಾಲೆಯಲ್ಲಿ ಇದ್ದಾಗಲೇ ಜ್ವರ ಬಂದರೆ ಏನು ಅನ್ನುವುದನ್ನು ಮೊದಲೇ ನಿರ್ಧರಿಸಿಕೊಳ್ಳಿ. ಮಗುವಿಗೆ ಮಾಸ್ಕ್ ಹಾಕಿ, ಗಾಳಿ ಆಡುವ ಜಾಗದಲ್ಲಿ ಕೂರಿಸಿ, ಒಬ್ಬರು ಜೊತೆಗಿರಿ. ಒಂಟಿಯಾಗಿ ಬಿಡಬೇಡಿ. ಅದು ಶಿಕ್ಷೆ ಅಂತ ಮಗುವಿಗೆ ಅನ್ನಿಸಬಾರದು.

ಕೊನೆಗೆ ಪೋಷಕರಿಗೆ ಇದನ್ನು ದಯವಿಟ್ಟು ಓದಿ ಹೇಳಿ. ಮಗು ಜೋರಾಗಿ ಏದುಸಿರು ಬಿಡುತ್ತಿದ್ದರೆ, ಉಸಿರಿಗೊಮ್ಮೆ ಪಕ್ಕೆಲುಬು ಒಳಗೆ ಎಳೆದುಕೊಂಡರೆ, ತುಟಿ ನೀಲಿಯಾದರೆ, 8 ಗಂಟೆ ಮೂತ್ರ ಮಾಡದಿದ್ದರೆ, ಎಬ್ಬಿಸಿದರೂ ಸರಿಯಾಗಿ ಎಚ್ಚರ ಆಗದಿದ್ದರೆ, ಫಿಟ್ಸ್ ಬಂದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಜ್ವರ ಬಿಟ್ಟು ಚೆನ್ನಾಗಿದ್ದ ಮಗುವಿಗೆ ಮತ್ತೆ ಜೋರು ಜ್ವರ, ಕೆಮ್ಮು ಬಂದರೂ ಹಾಗೇ. ಫ್ಲೂಗೆ ಇರುವ ಒಸೆಲ್ಟಾಮಿವಿರ್ ಮಾತ್ರೆ ಮೊದಲ 48 ಗಂಟೆಯೊಳಗೆ ಶುರು ಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಆಸ್ತಮಾ, ಹೃದಯದ ತೊಂದರೆ ಇರುವ ಮಕ್ಕಳನ್ನು ಮೊದಲ ದಿನವೇ ತೋರಿಸಿ. ಆಂಟಿಬಯೋಟಿಕ್ ಕೊಡಿ ಅಂತ ಒತ್ತಾಯ ಮಾಡಬೇಡಿ, ಅದು ವೈರಸ್ಸಿಗೆ ಕೆಲಸ ಮಾಡುವುದಿಲ್ಲ.

ಇನ್ನೂ ಒಂದು ಕೋರಿಕೆ ಇದೆ ಟೀಚರ್. ಎರಡು ದಿನ ರಜೆ ಹಾಕಿದರೂ ಡಾಕ್ಟರ್ ಸರ್ಟಿಫಿಕೇಟ್ ತನ್ನಿ ಅಂತ ಹಲವು ಶಾಲೆಗಳು ಕೇಳುತ್ತವೆ. ಮನೆಯಲ್ಲಿ ಮಲಗಿ ಸುಧಾರಿಸಿಕೊಳ್ಳಬೇಕಾದ ಮಗುವನ್ನು ಬರೀ ಒಂದು ಚೀಟಿಗಾಗಿ ಕ್ಲಿನಿಕ್ಕಿಗೆ ಎತ್ತಿಕೊಂಡು ಬರುತ್ತಾರೆ. ಅಲ್ಲಿ ಹಸುಗೂಸುಗಳ ಪಕ್ಕ ಗಂಟೆಗಟ್ಟಲೆ ಕೂರುತ್ತಾರೆ. ಸಾಧ್ಯವಾದರೆ ಇದನ್ನು ನಿಲ್ಲಿಸಿ.

ನಾಲ್ಕನೇ ತರಗತಿ ಟೀಚರ್

ಸಭೆ ಮುಗಿಯಿತು. ಎರಡೂವರೆ ಗಂಟೆ ನಡೆಯಿತು. ಎಲ್ಲವೂ ಆಗಲಿಲ್ಲ, ಆದದ್ದನ್ನು ಹೇಳುತ್ತೇನೆ.

ವಾರ್ಷಿಕ ಹಾಜರಾತಿ ಸರ್ಟಿಫಿಕೇಟ್ ತೆಗೆಯಲು ಮೇಲಿನವರು ಇನ್ನೂ ಒಪ್ಪಿಲ್ಲ. ಮುಂದಿನ ವರ್ಷ ನೋಡೋಣ ಅಂದರು. ನನಗೆ ಬೇಜಾರಾಯಿತು. ಆದರೆ ತರಗತಿಯ ನಕ್ಷತ್ರದ ಪಟ್ಟಿ ನನ್ನದು, ಅದನ್ನು ಅವತ್ತೇ ಸಂಜೆ ಬಿಚ್ಚಿದೆ. ಹಾಜರಿ ಪುಸ್ತಕದ ಜೊತೆ ಇನ್ನೊಂದು ನೋಟ್ ಬುಕ್ ಇಡುತ್ತೇವೆ. ಜ್ವರಕ್ಕೆ ಮನೆಯಲ್ಲಿದ್ದ ದಿನಗಳನ್ನು ಅದರಲ್ಲಿ ಬೇರೆ ಬರೆಯುತ್ತೇವೆ. ಆ ದಿನಗಳ ಪಾಠವನ್ನು ಬೆಂಚಿನ ಜೊತೆಗಾರರು ಬರೆದಿಟ್ಟಿರುತ್ತಾರೆ. ಪರೀಕ್ಷೆ ಇದ್ದರೆ ವಾಪಸ್ ಬಂದ ಮೇಲೆ ಬರೆಯಬಹುದು.

ಸಿಂಪಡಿಸುವ ಹಣದಲ್ಲಿ ತುಕ್ಕು ಹಿಡಿದು ಸಿಕ್ಕಿಕೊಂಡಿದ್ದ ಹನ್ನೊಂದು ಕಿಟಕಿ ರಿಪೇರಿ ಆಗುತ್ತವೆ, ಇನ್ನೆರಡು ನಲ್ಲಿ ಬರುತ್ತವೆ. ಊಟಕ್ಕೆ ಮೊದಲು ಕೈ ತೊಳೆಯಲು ಹತ್ತು ನಿಮಿಷ. ಸಮಿತಿಯ ಅಪ್ಪ ಎದ್ದು ನಿಂತು ತಮ್ಮ ಮಗನ ಎರಡನೇ ಡೋಸಿನ ಕಥೆ ಹೇಳಿದರು. ಆಮೇಲೆ ಒಂಬತ್ತು ಜನ ಲಸಿಕೆ ಎಲ್ಲಿ ಸಿಗುತ್ತದೆ ಅಂತ ಕೇಳಿದರು. ವ್ಯಾನ್ ಅಣ್ಣನಿಗೆ ಶಾಲೆಯ ಸೀಲು ಹಾಕಿದ ಪತ್ರ ನಾಳೆ ಸಿಗುತ್ತದೆ.

ಆ ಹುಡುಗಿಯ ಅಮ್ಮ ಕೊನೆಯ ಸಾಲಿನಲ್ಲಿ ಕೂತಿದ್ದರು. ಹೊರಗೆ ಬರುವಾಗ ನನ್ನ ಕೈ ಹಿಡಿದು "ನನಗೆ ಗೊತ್ತಿರಲಿಲ್ಲ ಟೀಚರ್" ಅಂದರು. ಆ ಪಟ್ಟಿ ಅಂಟಿಸುವಾಗ ನನಗೂ ಗೊತ್ತಿರಲಿಲ್ಲ ಅಂದೆ.

ಇಬ್ಬರು ಮಕ್ಕಳ ಅಮ್ಮ

ಓದಿ ತುಂಬಾ ಸಮಾಧಾನ ಆಯಿತು. ನಮ್ಮ ಬೀದಿಯಲ್ಲೂ ಇನ್ನಿಬ್ಬರು ಅಮ್ಮಂದಿರ ಜೊತೆ ಮಾತಾಡಿದ್ದೇನೆ, ಒಬ್ಬರು ಒಪ್ಪಿದ್ದಾರೆ. ನಮ್ಮ ಶಾಲೆಯಲ್ಲೂ ಹೀಗೇ ಕೇಳಬೇಕು ಅಂತಿದ್ದೇನೆ. ಡಾಕ್ಟರ್ ಸರ್ಟಿಫಿಕೇಟ್ ವಿಷಯ ಏನಾಯಿತು ಟೀಚರ್? ಮೂರು ದಿನ ಇಟ್ಟುಕೊಂಡರೆ ಚೀಟಿ ತರಬೇಕಾ?

ನಾಲ್ಕನೇ ತರಗತಿ ಟೀಚರ್

ಐದು ದಿನದವರೆಗೆ ಬೇಡ ಅಂತ ಆಯಿತು ಅಕ್ಕಾ. ಬೆಳಿಗ್ಗೆ ಒಂದು ಫೋನ್ ಮಾಡಿ "ಜ್ವರ ಇದೆ" ಅಂದರೆ ಸಾಕು. ಅಮ್ಮನ ಮಾತನ್ನೇ ನಂಬುತ್ತೇವೆ.